ಹಳೆಯ ಕಂಪ್ಯೂಟರಿಗೆ ಹಗುರ ಲಿನಕ್ಸ್: ಯಾವುದು, ಹೇಗೆ?



ನಮ್ಮಲ್ಲಿ ಹಲವರ ಕಚೇರಿಯಲ್ಲಿ ಎಂಟು-ಹತ್ತು ವರ್ಷದ ಕಂಪ್ಯೂಟರ್ ಇನ್ನೂ ಇದೆ. ಕೊಟೇಶನ್, ದಿನಸಿ ಪಟ್ಟಿ, ಅಡ್ವಾನ್ಸ್ ಲೆಕ್ಕ ಎಲ್ಲವೂ ಅದರಲ್ಲೇ. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಎಷ್ಟೋ ಹಳೆಯ ಯಂತ್ರಗಳಲ್ಲಿ ಅದಿಲ್ಲ. ಗುಜರಿಗೆ ಹಾಕುವ ಮೊದಲು, ಉಚಿತವಾಗಿ ಸಿಗುವ ಲಿನಕ್ಸ್ ನಮಗೆ ಒದಗೀತೇ ಎಂದು ನೋಡೋಣ.

ಮೊದಲು ಕೆಲಸ ನೋಡಿ

ಟ್ಯಾಲಿ ತಂತ್ರಾಂಶ ವಿಂಡೋಸ್‌ಗೆಂದೇ ತಯಾರಾದದ್ದು. ಅದನ್ನೇ ನಂಬಿರುವ ಯಂತ್ರವನ್ನು ಬದಲಿಸಬೇಡಿ. ಪತ್ರ, ಪಟ್ಟಿ, ಈಮೇಲ್‌ಗೆ ಬಳಸುವ ಎರಡನೆಯ ಯಂತ್ರಕ್ಕೆ ಲಿನಕ್ಸ್ ಸೂಕ್ತ.

ಯಾವುದನ್ನು ಆರಿಸಬೇಕು?

ಲಿನಕ್ಸ್‌ನಲ್ಲಿ ಹಲವು ಬಗೆಗಳಿವೆ. ಇವಕ್ಕೆ ಡಿಸ್ಟ್ರೋ ಎನ್ನುತ್ತಾರೆ. ಆಯ್ಕೆಗೆ ರ‍್ಯಾಮ್ ಅಳತೆಗೋಲು.

* 4 ಜಿಬಿ ಇದ್ದರೆ: ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ. ವಿಂಡೋಸ್ ಬಳಸಿದವರಿಗೆ ಬೇಗ ಒಗ್ಗುತ್ತದೆ.
* 2 ಜಿಬಿ ಇದ್ದರೆ: ಲುಬುಂಟು ಪ್ರಯತ್ನಿಸಬಹುದು.
* ಅದಕ್ಕೂ ಕಡಿಮೆಯಿದ್ದರೆ: ಆಂಟಿಎಕ್ಸ್. ಇದರ 2023ರ ಆವೃತ್ತಿ 32 ಬಿಟ್ ಯಂತ್ರಕ್ಕೂ ಇದೆ.

ಒಂದು ಮಾತು ನೆನಪಿರಲಿ: ಲಿನಕ್ಸ್ ಹಗುರವಾದರೂ ಬ್ರೌಸರ್ ಹಗುರವಾಗುವುದಿಲ್ಲ. ಐದಾರು ಪುಟ ಒಟ್ಟಿಗೆ ತೆರೆದರೆ 2 ಜಿಬಿ ಸಾಲದು. ಲ್ಯಾಮಿಂಗ್ಟನ್ ರಸ್ತೆ, ನೆಹರು ಪ್ಲೇಸ್, ರಿಚಿ ಸ್ಟ್ರೀಟ್‌ನಂಥ ಪೇಟೆಯಲ್ಲಿ ರ‍್ಯಾಮ್ ಹೆಚ್ಚಿಸಿ, ಎಸ್‌ಎಸ್‌ಡಿ ಹಾಕಿಸಿದರೆ ವ್ಯತ್ಯಾಸ ಕಾಣುತ್ತದೆ.

ಹಾಕುವ ಮೊದಲು

ಎಲ್ಲ ಕಡತಗಳನ್ನೂ ಬೇರೆ ಡಿಸ್ಕ್‌ಗೆ ನಕಲು ಮಾಡಿ, ಅಲ್ಲಿ ತೆರೆಯುತ್ತವೆಯೇ ನೋಡಿ. ಹಾಕುವಾಗ ಡಿಸ್ಕ್ ಅಳಿಸುವ ಆಯ್ಕೆ ಒತ್ತಿದರೆ ಮುಂದಿನ ಮುಹೂರ್ತಗಳ ಬುಕಿಂಗ್ ಸಹಿತ ಎಲ್ಲ ಹೋಗುತ್ತದೆ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿರುವ ಮೆನುಗಳನ್ನು ವಿಂಡೋಸ್‌ನಲ್ಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಇಲ್ಲವಾದರೆ ಆಚೆ ಅಕ್ಷರ ಕಲಸಿಹೋಗುತ್ತದೆ.

ಬಳಿಕ ಪೆನ್ ಡ್ರೈವ್‌ನಿಂದಲೇ ಲಿನಕ್ಸ್ ನಡೆಸಿ ನೋಡಿ. ಇದರಿಂದ ಡಿಸ್ಕ್‌ಗೆ ತೊಂದರೆಯಿಲ್ಲ. ವೈಫೈ, ಪ್ರಿಂಟರ್ ಕೆಲಸ ಮಾಡಿದರೆ ಮಾತ್ರ ಮುಂದುವರಿಯಿರಿ. ಸೀಸನ್ ನಡುವೆ ಬೇಡ, ಆಷಾಢದ ಬಿಡುವಿನಲ್ಲಿ ಮಾಡಿಕೊಳ್ಳಿ.

ತಂತ್ರಾಂಶ ಸೇರಿಸುವುದು

ಮಿಂಟ್‌ನಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್ ಇದೆ. ಹೆಸರು ಹುಡುಕಿ, ಇನ್‌ಸ್ಟಾಲ್ ಒತ್ತಿ, ಪಾಸ್‌ವರ್ಡ್ ಕೊಟ್ಟರಾಯಿತು. ಪತ್ರ ಮತ್ತು ಎಲೆ ಲೆಕ್ಕಕ್ಕೆ ಲಿಬ್ರೆ ಆಫೀಸ್, ಕನ್ನಡ ಬೆರಳಚ್ಚಿಗೆ ಐಬಸ್ ಎಂಬ ತಂತ್ರಾಂಶ ಸಾಕು. ಕಂಡ ಕಂಡ ತಾಣಗಳಿಂದ ಇಳಿಸಬೇಡಿ. ಗುರುತಿಲ್ಲದವರ ತುಪ್ಪವನ್ನು ನಾವು ಮದುವೆ ಅಡುಗೆಗೆ ಬಳಸುತ್ತೇವೆಯೇ? ಇದೂ ಹಾಗೆಯೇ. ವಾರಕ್ಕೊಮ್ಮೆ ಅಪ್‌ಡೇಟ್ ಮಾಡುವುದನ್ನು ಮರೆಯದಿರಿ.