ಅಂಟಿನ ಸೂಜಿ ಕಟ್ಟಿದರೆ ಲೈಟರ್ ಬೇಡ, ತಂತಿ ಸಾಕು

ಸೋಲಾಪುರ: ರೆಕ್ಕೆ ಕೂತಿದೆ, ಬಾಲ ಕೂತಿದೆ. ಉಳಿದದ್ದು ಮೂತಿಯ ತೆಳ್ಳನೆ ಕಡ್ಡಿ ಒಂದೇ. ಅಂಟಿನ ಬಾಟಲಿ ಒತ್ತಿದರೆ ಸೂಜಿಯಿಂದ ಹನಿಯೂ ಬರುವುದಿಲ್ಲ. ಇನ್ನಷ್ಟು ಜೋರು ಒತ್ತಿದರೆ ಒಮ್ಮೆಲೇ ಚಿಮ್ಮಿ, ವಾರವಿಡೀ ಕಷ್ಟಪಟ್ಟು ಕಟ್ಟಿದ ವಿಮಾನದ ಮೈಯೆಲ್ಲ ಅಂಟು.

ಪ್ಲಾಸ್ಟಿಕ್ ಮಾದರಿ ಕಟ್ಟುವ ಮಂದಿಗೆ ಇದು ಹೊಸ ಸಂಕಟವಲ್ಲ. ಬೇಸಿಗೆ ಸೂಟಿಯಲ್ಲಿ ಮಕ್ಕಳಿಗೆ ಕಿಟ್ ತರಿಸಿಕೊಡುವ ಪಾಲಕರಿಗೂ ಇದು ತಿಳಿದಿರಲಿ. ಯಾಕೆಂದರೆ ಸೂಜಿ ಬಿಡಿಸಲು ಬಹಳಷ್ಟು ಜನ ಮೊದಲು ಕೈಹಾಕುವುದು ಲೈಟರಿಗೆ.

ಈಗ ಮಿಗ್-21 ಮಾದರಿಯನ್ನೇ ನೋಡಿ. ನಾಸಿಕ್ ಬಳಿಯ ಓಝರ್‌ನ ಎಚ್‌ಎಎಲ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಈ ವಿಮಾನ 2025ರ ಸೆಪ್ಟೆಂಬರ್ 26ರಂದು ವಾಯುಪಡೆಯಿಂದ ನಿವೃತ್ತಿಯಾಯಿತು. ಆಕಾಶದಲ್ಲಿ ಇನ್ನು ಕಾಣದು, ಮೇಜಿನ ಮೇಲೆ ಮಾತ್ರ. ಎಪ್ಪತ್ತೆರಡರಲ್ಲಿ ಒಂದು ಪಾಲಿನ ಅಳತೆಯಲ್ಲಿ ಅದರ ಉದ್ದ ಸುಮಾರು 20 ಸೆಂಟಿಮೀಟರ್. ಮೂತಿಯ ಕಡ್ಡಿ ಬೆಂಕಿಕಡ್ಡಿಗಿಂತ ಸಣ್ಣದು. ಅಂಥ ಜಾಗಕ್ಕೆ ಟ್ಯೂಬಿನ ಅಂಟು ನಡೆಯುವುದಿಲ್ಲ, ಸೂಜಿಯೇ ಬೇಕು.

ಅಂಟಲ್ಲ, ಕರಗಿಸುವ ದ್ರವ

ಹೆಸರಿಗೆ ಮಾತ್ರ ಇದು ಅಂಟು. ಬ್ಯುಟೈಲ್ ಅಸಿಟೇಟ್, ಅಸಿಟೋನ್‌ನಂಥ ದ್ರವಗಳು ಪಾಲಿಸ್ಟೈರಿನ್ ಪ್ಲಾಸ್ಟಿಕ್ಕನ್ನು ಕರಗಿಸುತ್ತವೆ. ಕರಗಿದ ಎರಡು ಅಂಚು ಒಂದಾಗಿ, ದ್ರವ ಆರಿದ ಮೇಲೆ ಬೆಸುಗೆ ಉಳಿಯುತ್ತದೆ. ಹಾಗಾಗಿಯೇ ಬಣ್ಣ ಬಳಿದ ಅಂಚಿಗೆ ಇದು ಹಿಡಿಯುವುದಿಲ್ಲ, ಮೊದಲು ಬಣ್ಣ ಕೆರೆದು ತೆಗೆಯಬೇಕು. ನಮ್ಮ ಊರುಗಳ ಬೋರ್ಡ್ ಅಂಗಡಿಗಳಲ್ಲಿ ಅಕ್ರಿಲಿಕ್ ಅಕ್ಷರ ಕೂಡಿಸಲು ಸಿರಿಂಜಿನಲ್ಲಿ ಕ್ಲೋರೋಫಾರ್ಮ್ ಬಿಡುವುದೂ ಇದೇ ವಿದ್ಯೆ. ಅಂದಹಾಗೆ, ಅಗ್ಗಕ್ಕೆ ಸಿಕ್ಕಿತು ಅಂತ ಅದನ್ನು ಮಕ್ಕಳ ಕೈಗೆ ಕೊಡಬಾರದು. ಅದರ ಆವಿ ಯಕೃತ್ತಿಗೆ ಕೆಟ್ಟದ್ದು.

ಜಪಾನಿನ ಟಾಮಿಯಾ ಕಂಪನಿಯ ಹಸಿರು ಮುಚ್ಚಳದ ಅಂಟು ನೀರಿನಷ್ಟು ತೆಳು, ಮುಚ್ಚಳದಲ್ಲೇ ಕುಂಚವಿರುತ್ತದೆ. ಭಾಗಗಳನ್ನು ಮೊದಲು ಜೋಡಿಸಿ ಹಿಡಿದು ಸಂದಿಗೆ ಕುಂಚ ಮುಟ್ಟಿಸಿದರೆ ತಾನೇ ಒಳಗೆ ಹರಿಯುತ್ತದೆ. ಸಂದಿಯ ಮೇಲೆ ಬೆರಳಿದ್ದರೆ ಬೆರಳಿನಡಿಗೂ ಹರಿದು ಹೆಬ್ಬೆಟ್ಟಿನ ಗುರುತು ಶಾಶ್ವತ! ರೆವೆಲ್ ಕಂಪನಿಯ ಕಾಂಟಾಕ್ಟಾ ಬಾಟಲಿಗೆ ಉಕ್ಕಿನ ಸೂಜಿ. ಈ ಅಂಟು ತುಸು ಮಂದ. ಜೋಡಿಸುವ ಮುಂಚೆ ಅಂಚಿಗೆ ಅಲ್ಲಲ್ಲಿ ಚುಕ್ಕಿ ಇಟ್ಟರೆ ಸಾಕು. ಮಂದವಾಗಿರುವುದರಿಂದಲೇ ಸೂಜಿಯಲ್ಲಿ ಒಣಗಿ ಬಿರಡೆಯಂತೆ ಕೂರುತ್ತದೆ.

ಸೂಜಿ ಬಿಡಿಸುವ ಬಗೆ

ಕಟ್ಟಿದ ಬಾಟಲಿಯನ್ನು ಬಲ ಹಾಕಿ ಒತ್ತಲೇಬಾರದು. ಸೂಜಿಯೇ ಕಿತ್ತು ಬಂದು ಅಂಟು ಕಣ್ಣಿಗೆ ಸಿಡಿಯಬಹುದು. ಸೂಜಿಯ ರಂಧ್ರಕ್ಕಿಂತ ತೆಳ್ಳಗಿನ ಉಕ್ಕಿನ ತಂತಿಯನ್ನು ತುದಿಯಿಂದ ಮೆಲ್ಲಗೆ ಒಳಗೆ ಬಿಟ್ಟು ಆಡಿಸಬೇಕು. ತಾಮ್ರದ ತಂತಿ ಬೇಡ, ಅದು ಬಗ್ಗುತ್ತದೆ. ಗಿಟಾರಿನ ಅತಿ ಸಣ್ಣ ತಂತಿ 0.009 ಇಂಚು ದಪ್ಪದ್ದು ಸಿಗುತ್ತದೆ. ಅಂದರೆ ಒಂದು ಮಿಲಿಮೀಟರಿನ ಕಾಲುಭಾಗಕ್ಕೂ ಕಡಿಮೆ. ಗಿಟಾರ್ ಯಾಕೆ, ಸಿತಾರ್ ತಯಾರಿಕೆಗೆ ಹೆಸರಾದ ಮೀರಜ್ ಪಕ್ಕದಲ್ಲೇ ಇದೆ. ಚಿಕಾರಿಯ ತಂತಿಯ ಒಂದು ಗೇಣು ತುಂಡು ವರ್ಷಗಟ್ಟಲೆ ಬಾಳುತ್ತದೆ.

ತಂತಿಗೂ ಜಗ್ಗದಿದ್ದರೆ ಕರಗಿಸುವ ದ್ರವವೇ ಮದ್ದು. ಸೂಜಿಯನ್ನು ಬಾಟಲಿಯಿಂದ ಬಿಚ್ಚಿ, ತೆಳು ಅಂಟಿನಲ್ಲಿ ಇಲ್ಲವೇ ಅಸಿಟೋನಿನಲ್ಲಿ ರಾತ್ರಿಯಿಡೀ ಮುಚ್ಚಿಟ್ಟು ನೆನೆಸಿದರೆ ಒಳಗಿನ ಬಿರಡೆ ಮೆತ್ತಗಾಗುತ್ತದೆ. ಆಮೇಲೆ ಮತ್ತೆ ತಂತಿ. ನೆನೆಸಲು ಗಾಜಿನ ಶೀಷೆ ಇರಲಿ. ಥರ್ಮಾಕೋಲ್ ಕಪ್ಪಿಗೆ ಅಸಿಟೋನ್ ಸುರಿದರೆ ಕಪ್ಪೇ ಕರಗಿ ಮೇಜಿನ ಮೇಲೆ ಹರಿಯುತ್ತದೆ, ಅದೂ ಪಾಲಿಸ್ಟೈರಿನ್ನೇ.

ಇನ್ನು ಲೈಟರ್ ವಿಚಾರ. ಸೂಜಿ ಕಾಯಿಸಿದರೆ ಒಳಗಿನ ಅಂಟು ಸುಟ್ಟು ದಾರಿ ಬಿಡುವುದು ನಿಜ, ಹಳೆಯ ಹವ್ಯಾಸಿಗಳು ಹಾಗೆ ಮಾಡುತ್ತಾರೆ. ಆದರೆ ಅಸಿಟೋನಿನ ಆವಿ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಬ್ಯುಟೈಲ್ ಅಸಿಟೇಟಿಗೆ 22ರಿಂದ 27 ಡಿಗ್ರಿ ಸಾಕು. ಸೋಲಾಪುರ, ಅಕ್ಕಲಕೋಟೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಅಂಥ ಮಧ್ಯಾಹ್ನ, ಮುಚ್ಚಿದ ಕೋಣೆಯಲ್ಲಿ, ಬಾಟಲಿಗೆ ಕೂಡಿಸಿದ ಸೂಜಿಗೇ ಬೆಂಕಿ ಹಿಡಿಯುವುದು ಎಂದರೆ ಕೈಯಲ್ಲಿ ಪಟಾಕಿ ಹಿಡಿದಂತೆ. ಬೇರೆ ದಾರಿಯೇ ಇಲ್ಲದಿದ್ದರೆ ಸೂಜಿ ಬಿಚ್ಚಿ, ಒಣಗಿಸಿ, ಅಂಗಳಕ್ಕೆ ಒಯ್ದು ಪಕ್ಕಡಿನಲ್ಲಿ ಹಿಡಿದು ಎರಡು ಕ್ಷಣ ಕಾಯಿಸಬೇಕು. ಬಾಟಲಿ ಮುಚ್ಚಿ ಮನೆಯೊಳಗೇ ಇರಲಿ. ಇದು ದೊಡ್ಡವರ ಕೆಲಸ, ಮಕ್ಕಳದ್ದಲ್ಲ.

ಬಿಸಿಲಿನ ಇನ್ನೊಂದು ಕಾಟವೂ ಉಂಟು. ಕಾದ ಬಾಟಲಿಯೊಳಗಿನ ಗಾಳಿ ಹಿಗ್ಗಿರುತ್ತದೆ. ತಲೆಕೆಳಗು ಮಾಡಿದ ಕೂಡಲೇ, ಒತ್ತದೆಯೇ, ತೊಟ್ಟು ಬೀಳುತ್ತದೆ. ಮೊದಲು ನೆಟ್ಟಗೆ ಹಿಡಿದು ಮುಚ್ಚಳ ತೆಗೆದು ಗಾಳಿ ಹೋಗಲು ಬಿಟ್ಟು, ಮೊದಲ ಹನಿಯನ್ನು ಹಳೆ ಪೇಪರಿನ ಮೇಲೆ ಬಿಡುವುದು ಒಳ್ಳೆಯದು.

ಕಟ್ಟದಂತೆ ನೋಡಿಕೊಳ್ಳುವುದಕ್ಕೆ ಖರ್ಚೇನೂ ಇಲ್ಲ. ಕೆಲಸ ಮುಗಿದ ಮೇಲೆ ಬಾಟಲಿ ನೆಟ್ಟಗೆ ಹಿಡಿದು ತುಸು ಒತ್ತಿ ಬಿಟ್ಟರೆ ಸೂಜಿಯಲ್ಲಿನ ಅಂಟು ಒಳಗೆ ಇಳಿಯುತ್ತದೆ. ತುದಿ ಒರೆಸಿ, ಅದೇ ತಂತಿಯ ತುಂಡನ್ನು ಸೂಜಿಯೊಳಗೆ ಬಿಟ್ಟು ಮುಚ್ಚಳ ಹಾಕಿಡುವವರೂ ಇದ್ದಾರೆ. ಸೂಜಿ ಕಟ್ಟಿತೆಂದು ಮುಕ್ಕಾಲು ತುಂಬಿದ ಬಾಟಲಿ ಎಸೆಯುವುದು ಯಾವ ಲೆಕ್ಕದಲ್ಲೂ ನಷ್ಟದ ಬಾಬ್ತೇ.

ಚಾಲಕನ ಪಾರದರ್ಶಕ ಗೂಡಿನ ಹತ್ತಿರ ಮಾತ್ರ ಸೂಜಿ ಬಾಟಲಿ ತರಬೇಡಿ. ಒಂದು ಹನಿ ಬಿದ್ದರೆ ಗಾಜು ಮಸುಕು, ಒರೆಸಿದರೆ ಇನ್ನೂ ಕೆಡುತ್ತದೆ. ಅಲ್ಲಿಗೆ ಮನೆಯಲ್ಲಿರುವ ಬಿಳಿ ಫೆವಿಕಾಲ್ ಸಾಕು. ಹೆಚ್ಚಾದದ್ದನ್ನು ಒಣಗುವ ಮೊದಲು ಒದ್ದೆ ಬಟ್ಟೆಯಿಂದ ತೆಗೆಯಬಹುದು, ಒಣಗಿದ ಮೇಲೆ ಕಲೆ ಕಾಣುವುದಿಲ್ಲ.