ಹಳೆ ಲಾರಿಯ ಬಾಗಿಲು: ಲಾಕ್ ಬದಲಿಸುವ ಮೊದಲು ಹಿಂಜ್ ನೋಡಿ

ತೋಟದ ಕೆಲಸಕ್ಕೆ ನಮ್ಮಲ್ಲಿರುವುದು ಹಳೆಯ ಟಾಟಾ 407. 1986ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ ಇದು. ಎಂಜಿನ್ ಇನ್ನೂ ಗಟ್ಟಿ. ಸೋತದ್ದು ಬಾಗಿಲು. ಕರಾವಳಿಯ ಮಳೆ, ಕೆಸರು, ಗೊಬ್ಬರದ ಹುಡಿ - ತುಕ್ಕಿಗೆ ಇಷ್ಟು ಸಾಕು. ಬಾಗಿಲು ಸರಿಯಾಗಿ ಹಾಕಿಕೊಳ್ಳದಿದ್ದರೆ ಹೆಚ್ಚಿನವರು ಹೊಸ ಲಾಕ್ ತರುತ್ತಾರೆ. ಎಷ್ಟೋ ಸಲ ದೋಷ ಇರುವುದು ಹಿಂಜಿನಲ್ಲಿ.

ಪರೀಕ್ಷೆ ಸುಲಭ. ಬಾಗಿಲನ್ನು ಅರ್ಧ ತೆರೆದು, ಲಾಕ್ ಇರುವ ಬದಿಯ ಕೆಳತುದಿ ಹಿಡಿದು ಎತ್ತಿ. ಇನ್ನೊಬ್ಬರು ಹಿಂಜ್ ನೋಡುತ್ತಿರಲಿ. ಪಿನ್ ಹತ್ತಿರ ಅಲುಗಿದರೆ ಪಿನ್, ಬುಶ್ ಸವೆದಿದೆ. ಹಿಂಜೇ ಇಡಿಯಾಗಿ ಅಲುಗಿದರೆ ಬೋಲ್ಟ್ ಸಡಿಲ, ಇಲ್ಲವೇ ಕಂಬದ ತಗಡು ಒಡೆದಿದೆ. ತಗಡು ಒಡೆದಲ್ಲಿ ಹೊಸ ಹಿಂಜ್ ಹಾಕಿ ಪ್ರಯೋಜನವಿಲ್ಲ. ಮೊದಲು ಒಳಗಿಂದ ಪಟ್ಟಿ ಕೊಟ್ಟು ವೆಲ್ಡ್ ಮಾಡಿಸಬೇಕು. ಆಗ ಬ್ಯಾಟರಿಯ ವಯರ್ ಕಳಚಿಡಿ.

ಕೊಳ್ಳುವಾಗ

ಹಳೆ ಸಾಮಾನನ್ನು ಕಳಚಿ ಅಂಗಡಿಗೆ ಕೊಂಡೊಯ್ಯಿ. ಬರೀ ಎಡ, ಬಲ ಎಂದರೆ ಗೊಂದಲ. ಡ್ರೈವರ್ ಸೈಡ್, ಕ್ಲೀನರ್ ಸೈಡ್ ಎಂದೇ ಕೇಳಿ. ಹಿಂಜ್ ಆದರೆ ತೂತುಗಳ ಅಂತರ, ಪಿನ್ನಿನ ದಪ್ಪ ತಾಳೆ ನೋಡಿ. ಗಾಜು ಏರಿಸುವ ಮೆಷಿನ್ ಆದರೆ ತೋಳಿನ ಉದ್ದ ಮತ್ತು ಹ್ಯಾಂಡಲ್ ಕೂರುವ ಹಲ್ಲು. ಗುಜರಿಯಲ್ಲಿ ಸಿಗುವ ಹಳೆ ಅಸಲಿ ಬಾಗಿಲು ಕೆಲವೊಮ್ಮೆ ಹೊಸ ತೆಳು ತಗಡಿನದ್ದಕ್ಕಿಂತ ಮೇಲು. ಆದರೆ ಅದರ ಅಡಿ ಮಡಿಕೆಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡದೆ ದುಡ್ಡು ಕೊಡಬೇಡಿ.

ಜೋಡಿಸುವ ಕ್ರಮ

ಬಾಗಿಲ ಕೆಳಗೆ ಜ್ಯಾಕ್, ಮೇಲೊಂದು ಹಲಗೆ, ಗೋಣಿ ಇಟ್ಟು ಭಾರ ಕೊಡಿ. ಹಿಂಜ್ ಕೂತ ಜಾಗಕ್ಕೆ ಮೊಳೆಯಿಂದ ಗೆರೆ ಎಳೆದು ಗುರುತು ಮಾಡಿ. ಎರಡೂ ಹಿಂಜ್ ಒಟ್ಟಿಗೆ ಬಿಚ್ಚಬೇಡಿ. ಒಂದನ್ನು ಕೂರಿಸಿ ಮತ್ತೊಂದಕ್ಕೆ ಹೋಗಿ. ಸುತ್ತಲಿನ ಸಂದು ಒಂದೇ ಸಮ ಬಂದ ಮೇಲೆ ಲಾಕ್. ನಂತರ ಲಾಕ್ ಹೋಗಿ ಹಿಡಿಯುವ ಸ್ಟ್ರೈಕರ್. ಕೊನೆಗೆ ಬೀಡಿಂಗ್ ರಬ್ಬರ್, ಗಾಜು.

ಬೀಡಿಂಗ್ ದಪ್ಪವಾದರೆ ಬಾಗಿಲು ಪೂರ್ತಿ ಒಳಬರುವುದಿಲ್ಲ. ಆಗ ಸ್ಟ್ರೈಕರನ್ನು ಹೊರಕ್ಕೆ ಎಳೆದು ಹೊಂದಿಸುವವರಿದ್ದಾರೆ. ಮಾಡಬೇಡಿ, ಸರಿಯಾದ ಬೀಡಿಂಗ್ ತನ್ನಿ. ಎರಡು ಹಂತದ ಲಾಕ್ ‘ಟಕ್, ಟಕ್’ ಎಂದು ಎರಡು ಸಲ ಹಿಡಿಯಬೇಕು. ಅಮೆರಿಕದ ವಾಹನ ಸುರಕ್ಷತಾ ನಿಯಮ 206ರಂತೆ ಲಾಕ್ ಪೂರ್ತಿ ಹಿಡಿದಾಗ ಸುಮಾರು 1,100 ಕಿಲೋ ಎಳೆತ ತಾಳಬೇಕು. ಮೊದಲ ಹಂತದಲ್ಲಿ ಸುಮಾರು 450 ಕಿಲೋ ಮಾತ್ರ. ಅಂದರೆ ಅರ್ಧ ಹಿಡಿದ ಬಾಗಿಲಿಗೆ ಅರ್ಧ ಬಲವೂ ಇಲ್ಲ. ಘಾಟಿಯ ತಿರುವಿನಲ್ಲಿ ಕ್ಲೀನರ್ ಸೈಡಿನಲ್ಲಿ ಕೂತ ಕೆಲಸದಾಳು ಅದಕ್ಕೇ ಒರಗಿರುತ್ತಾನೆ, ನೆನಪಿರಲಿ.

ನೀರಿಗೆ ದಾರಿ ಬಿಡಿ

ಗಾಜಿನ ಸಂದಿನಿಂದ ಬಾಗಿಲೊಳಗೆ ನೀರು ಇಳಿದೇ ಇಳಿಯುತ್ತದೆ. ಅದು ಹೊರಹೋಗಲು ಅಡಿಯಲ್ಲಿ ತೂತುಗಳಿವೆ. ಮಣ್ಣು ಕಟ್ಟಿದರೆ, ಇಲ್ಲವೇ ಪೈಂಟ್ ಮಾಡುವವರು ಪಾಟಿ ಮೆತ್ತಿ ಮುಚ್ಚಿದರೆ, ಹೊಸ ಬಾಗಿಲೂ ಒಳಗಿಂದಲೇ ಕೊಳೆಯುತ್ತದೆ. ಮಳೆಗಾಲಕ್ಕೆ ಮೊದಲು ಸರಿಗೆ ತೂರಿಸಿ ಬಿಡಿಸಿ. ಒಳಮೈಗೆ ರೆಡ್ ಆಕ್ಸೈಡ್ ಹಚ್ಚಿ, ತೂತು ಬಿಟ್ಟು. ಒಳಹಲಗೆಯ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿದಿದ್ದರೆ ಗೊಬ್ಬರ ಚೀಲದ ಒಳಪದರವನ್ನು ತೊಳೆದು, ಕತ್ತರಿಸಿ ಅಂಟಿಸಬಹುದು. ಹಿಂಜಿಗೆ ತಿಂಗಳಿಗೊಮ್ಮೆ ನಾಲ್ಕು ಹನಿ ಎಣ್ಣೆ ಬಿಟ್ಟರೆ ಈ ರಿಪೇರಿಯ ಬಹುಪಾಲು ಖರ್ಚೇ ಬರುವುದಿಲ್ಲ.