ಏಕವಚನದ ಅರ್ಥಶಾಸ್ತ್ರ

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿದೆ ಅತ್ತಿಗುಂಡಿ. ಆ ಸುತ್ತಿನ ಕಾಫಿ ತೋಟಗಳಲ್ಲಿ ಕೊಯ್ಲಿನ ದಿನಗಳಲ್ಲಿ ಕಿವಿಗೊಟ್ಟು ಕೇಳಿದರೆ ವಿಚಿತ್ರವಾದೊಂದು ವ್ಯಾಕರಣ ಅರಿವಿಗೆ ಬರುತ್ತದೆ. ಇಪ್ಪತ್ತೈದರ ರೈಟರು ಅರವತ್ತರ ಹೆಂಗಸನ್ನು ‘ಏ, ಬಾ ಇಲ್ಲಿ’ ಎಂದು ಕರೆಯುತ್ತಾನೆ. ಆಕೆ ‘ಬಂದೆ ಅಯ್ಯಾ’ ಎನ್ನುತ್ತಾಳೆ.

ಏಕವಚನವೇ ದೋಷವೆಂದು ನಾನು ಹೇಳಲಾರೆ. ತಾಯಿಯನ್ನೂ ದೇವರನ್ನೂ ನಾವು ‘ನೀನು’ ಎಂದೇ ಕರೆಯುತ್ತೇವೆ. ಮಲೆನಾಡಿನ ‘ಬಾ ಮಾರಾಯ’ ಎಂಬ ಮಾತಿನ ಅಕ್ಕರೆ ಯಾವ ಬಹುವಚನಕ್ಕೂ ಇಲ್ಲ. ಆದರೆ ಗೆಳೆಯರ ನಡುವೆ ಆ ‘ನೀನು’ ಎರಡೂ ಕಡೆಯಿಂದ ಹರಿಯುತ್ತದೆ. ಅದನ್ನು ಹಿಂದಿರುಗಿಸುವ ಹಕ್ಕು ಕೇಳಿಸಿಕೊಂಡವರಿಗೆ ಇಲ್ಲದಾಗ ಅದು ಅಧಿಕಾರದ ಭಾಷೆಯಾಗುತ್ತದೆ.

1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯು ವಸತಿ, ವೈದ್ಯಕೀಯ ನೆರವು, ಶಿಶುವಿಹಾರಗಳನ್ನು ಮಾಲೀಕರ ಹೊಣೆಯಾಗಿಸಿತು. 1989ರ ದೌರ್ಜನ್ಯ ತಡೆ ಕಾಯ್ದೆಯು ಪರಿಶಿಷ್ಟರ ಮೇಲಿನ ಸಾರ್ವಜನಿಕ ಅವಮಾನವನ್ನು ಅಪರಾಧವೆಂದಿತು. ನಿತ್ಯದ ಮಾತಿನ ಧಾಟಿಯನ್ನು ಮಾತ್ರ ಯಾವ ಶಾಸನವೂ ತಿದ್ದಲಾರದು.

ಶಾಸನ ಮಾಡಲಾಗದ್ದನ್ನು ಮಾರುಕಟ್ಟೆ ಕೊಂಚಮಟ್ಟಿಗೆ ಮಾಡುತ್ತಿದೆ. ಸ್ಥಳೀಯ ಯುವಕರು ನಗರ ಸೇರಿದ್ದಾರೆ. ಅಸ್ಸಾಂ, ಜಾರ್ಖಂಡ್‌ಗಳಿಂದ ಬಂದವರೂ ಹಣ್ಣು ಕೊಯ್ಯುತ್ತಾರೆ. ಬೈದರೆ ನಾಳೆ ಪಕ್ಕದ ತೋಟಕ್ಕೆ ಹೋದಾರೆಂಬ ಅಳುಕಿನಿಂದ ಕೆಲವರ ಮಾತು ಮೃದುವಾಗಿರುವುದನ್ನು ಕಂಡಿದ್ದೇನೆ. ವಿರಳವಾದದ್ದಕ್ಕೆ ಬೆಲೆ ಬರುತ್ತದೆಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಆದರೆ ಕೊರತೆಯಿಂದ ಹುಟ್ಟಿದ ಸೌಜನ್ಯ ಕೊರತೆ ನೀಗಿದೊಡನೆ ಮರೆಯಾಗುತ್ತದೆ.

ಹಾಗಾಗಿ ನಾಲಗೆಯ ನಿಜವಾದ ಪರೀಕ್ಷೆ ನಡೆಯುವುದು ನಮ್ಮನ್ನು ಬಿಟ್ಟುಹೋಗಲಾರದವರ ಮುಂದೆ: ಮತ್ತೆ ಮತ್ತೆ ಅದೇ ಪ್ರಶ್ನೆ ಕೇಳುವ ವೃದ್ಧ ತಂದೆ, ದಿನವಿಡೀ ದುಡಿದು ದಣಿದ ಹೆಂಡತಿ, ಪಹಣಿಗಾಗಿ ಮೂರನೆಯ ಸಲ ಕಚೇರಿಯ ಮೆಟ್ಟಿಲೇರಿದ ರೈತ. ಮೇಲಧಿಕಾರಿಯೆದುರು ಜೇನು ಸುರಿಸಿ ಮನೆಯಲ್ಲಿ ಗುಡುಗುವ ಎಷ್ಟೋ ಮಂದಿಯನ್ನು ಸರ್ಕಾರಿ ಸೇವೆಯ ಅವಧಿಯಲ್ಲಿ ನೋಡಿದ್ದೇನೆ. ಅವರಿಗೆ ಸವಿಮಾತು ಬಾರದೆಂದಲ್ಲ. ಯಾರ ಮುಂದೆ ಅದನ್ನು ಖರ್ಚು ಮಾಡಬೇಕೆಂಬ ಲೆಕ್ಕಾಚಾರ ಚೆನ್ನಾಗಿಯೇ ಬರುತ್ತದೆ.

ಹನ್ನೆರಡನೆಯ ಶತಮಾನದಲ್ಲೇ ಶರಣರು ಸಂಬೋಧನೆಯನ್ನು ನೀತಿಯ ಪ್ರಶ್ನೆಯಾಗಿಸಿದ ನಾಡು ನಮ್ಮದು. ಮೃದುವಾಗಿ ಮಾತನಾಡುವುದೆಂದರೆ ತಪ್ಪನ್ನು ಮುಚ್ಚಿಡುವುದಲ್ಲ. ಹಣ್ಣಿನೊಡನೆ ಹಸಿರು ಕಾಯಿಯನ್ನೂ ಕಿತ್ತಿದ್ದರೆ ಅದನ್ನು ಹೇಳಲೇಬೇಕು. ಆದರೆ ಆ ಮಾತು ಕಾಯಿಯ ಬಗ್ಗೆ ಇರಲಿ, ಕಿತ್ತವಳ ಹುಟ್ಟಿನ ಬಗ್ಗೆ ಬೇಡ.